ಕುಡಿದದ್ದಲ್ಲ, ರುಚಿ ನೋಡಿದ್ದು

ಸಿ ಅಲ್ಲಾಲರು ಸಿಹಿ ಚಹಾ ಕುಡಿಯುವುದನ್ನು ಪೂರ್ತಿ ಬಿಟ್ಟುಬಿಟ್ಟಿದ್ದರು. ಈಗ ಬರೀ ರುಚಿ ನೋಡುತ್ತಿದ್ದರು, ಅಷ್ಟೇ. ಇವೆರಡಕ್ಕೂ ಇರುವ ಆಕಾಶ-ಭೂಮಿಯಷ್ಟು ವ್ಯತ್ಯಾಸ ತಮ್ಮ ಮನೆಯಲ್ಲಿ ಒಬ್ಬರ ತಲೆಗೂ ಹೋಗುವುದಿಲ್ಲವಲ್ಲ ಅನ್ನುವುದೇ ಅವರ ದೊಡ್ಡ ಸಂಕಟ.

ಡಾಕ್ಟರು ರಕ್ತಪರೀಕ್ಷೆಯ ಚೀಟಿ ನೋಡಿ, ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡು ನೋಡಿ, "ನಿಮ್ಮ ಮೈಯಲ್ಲಿ ಹರೀತಿರೋದು ರಕ್ತ ಅಲ್ಲ ಸ್ವಾಮಿ, ಪಾಕ. ಸಿಹಿ ಚಹಾ ಕುಡೀಬೇಡಿ" ಅಂದಿದ್ದರು. ಸಿ ಅಲ್ಲಾಲರು (ಗಂಡಸರ ಹೆಸರಿನ ಮುಂದೆ 'ಸಿ', ಹೆಂಗಸರಿಗೆ 'ಲಲ್ಲಾ', ಅದು ಅಲ್ಲಿಯ ಮರ್ಯಾದೆ) ಸೆಫ್ರೂ ಊರಿಗೇ ಹೆಸರಾದ ದರ್ಜಿ, ಜಲ್ಲಾಬಾ ಎಂಬ ಟೊಪ್ಪಿಗೆಯ ನಿಲುವಂಗಿ ಹೊಲಿಯುವವರು. ಅಳತೆ ಎಂದರೆ ಅಳತೆ. ಡಾಕ್ಟರ ಮಾತನ್ನೂ ದಾರದಷ್ಟು ಆಚೀಚೆ ಆಗದಂತೆ ಪಾಲಿಸಿದರು.

"ಕುಡೀಬೇಡಿ ಅಂದ್ರು, ಕುಡೀತಿಲ್ಲ. ರುಚಿ ನೋಡ್ಬೇಡಿ ಅಂದ್ರಾ? ಹೋಗಿ ಕೇಳ್ಕೊಂಡು ಬಾ" ಎಂದು ಹೆಂಡತಿ ಲಲ್ಲಾ ತಾಮುಗೆ ಸವಾಲು ಹಾಕಿದರು.

"ರುಚಿ ನೋಡೋಕೆ ಲೋಟ ತುಂಬ ಬೇಕೇನ್ರೀ?"

"ಅರ್ಧ ಲೋಟದಲ್ಲಿ ಅರ್ಧ ರುಚಿ ಗೊತ್ತಾಗುತ್ತೆ, ತಾಮು. ಅರ್ಧ ಜ್ಞಾನ ಅಪಾಯ."

ಇದಕ್ಕೆ ಪದ್ಧತಿಯ ಬೆಂಬಲವೂ ಇತ್ತು ಅನ್ನಿ. ಮಾನವಂತರ ಮನೆಯಲ್ಲಿ ಅತಿಥಿ ಬಂದರೆ ಚಹಾದ ತಟ್ಟೆ ನಡುಮನೆಗೇ ಬರಬೇಕು, ಯಜಮಾನನೇ ಅದರ ಮುಂದೆ ಕೂರಬೇಕು. ನೀಲಿ ಕಾಗದ ಸುತ್ತಿದ ಸಕ್ಕರೆಯ ಗೋಪುರವನ್ನು ಪುಟ್ಟ ಸುತ್ತಿಗೆಯಿಂದ ಟಣ್ ಎಂದು ಒಡೆದು, ಹೂಜಿಗೆ ಹಾಕಿ, ಪುದೀನ ತುರುಕಿ, ಮೊದಲ ಲೋಟ ತಾನೇ ಸುರಿದುಕೊಂಡು ರುಚಿ ನೋಡಬೇಕು. ಸಿಹಿ ಕಡಿಮೆ ಇದ್ದರೆ ಇನ್ನೊಂದು ತುಂಡು, ಇನ್ನೊಮ್ಮೆ ರುಚಿ. (ಸಿ ಅಲ್ಲಾಲರ ನಾಲಿಗೆಯ ಪ್ರಕಾರ ಜಗತ್ತಿನಲ್ಲಿ ಇಲ್ಲಿಯವರೆಗೆ ಸಿಹಿ ಸಾಕಾಗಿದ್ದ ಮೊದಲ ಲೋಟ ತಯಾರಾಗಿಲ್ಲ.)

ತೊಂದರೆ ಒಂದೇ. ಅತಿಥಿ ಬಾರದೆ ತಟ್ಟೆ ಬಾರದು. ಹಾಗಾಗಿ ಸಿ ಅಲ್ಲಾಲರಲ್ಲಿ ಅತಿಥಿ ಸತ್ಕಾರದ ಮಹಾಗುಣ ಇದ್ದಕ್ಕಿದ್ದಂತೆ ಉಕ್ಕತೊಡಗಿತು. ಗ್ಯಾಸ್ ಸಿಲಿಂಡರ್ ತಂದವನು ಅತಿಥಿ. ಏಣಿ ಕೇಳಲು ಬಂದ ಪಕ್ಕದ ಮನೆಯವನು ಅತಿಥಿ. ಒಮ್ಮೆ ಬೀದಿಯಲ್ಲಿ ಬಸ್ ನಿಲ್ದಾಣಕ್ಕೆ ದಾರಿ ಕೇಳಿದ ಪಾಪದವನೊಬ್ಬನನ್ನು ತೋಳು ಹಿಡಿದು ಎಳೆತಂದು ಕೂರಿಸಿದರು. ಅವನು ಬಸ್ಸು ಹೋಯಿತು, ಬಸ್ಸು ಹೋಯಿತು ಎಂದು ಒರಲುತ್ತಲೇ ಇದ್ದ.

"ಬಂದೋರಿಗೆ ಸಪ್ಪೆ ಚಹಾ ಕೊಡೋಕಾಗುತ್ತಾ? ನಂಗೇನು ಆಸೆಯಾ? ಮನೆ ಮರ್ಯಾದೆಗೋಸ್ಕರ ಕಷ್ಟ ಪಡ್ತಿದೀನಿ" ಅನ್ನುತ್ತಿದ್ದರು ಸಿ ಅಲ್ಲಾಲರು, ತುಟಿ ನೆಕ್ಕುತ್ತಾ. ಅವರು ಸುಳ್ಳು ಹೇಳುತ್ತಿದ್ದರು ಅಂದುಕೊಳ್ಳಬೇಡಿ. ಆ ಮಾತನ್ನು ಅವರು ನಿಜವಾಗಿಯೂ ನಂಬಿದ್ದರು. ತಮ್ಮ ತ್ಯಾಗ ನೆನೆದು ಕೆಲವೊಮ್ಮೆ ಅವರಿಗೇ ಕಣ್ಣು ತುಂಬಿ ಬರುತ್ತಿತ್ತು.

ಹೀಗಿರುವಾಗ ಮಗಳು ವಿದಾದಳಿಗೆ ಸಂಬಂಧ ಕೂಡಿಬಂತು. ಹುಡುಗ ತೌಫೀಕ್ ತಾಝಾ ಊರಿನವನು, ವಿದಾದ್ ಕೆಲಸ ಮಾಡುವ ಔಷಧಿ ಅಂಗಡಿಗೆ ಸರಕು ತರುತ್ತಿದ್ದವನು. ಇಬ್ಬರೂ ಒಪ್ಪಿಯಾಗಿತ್ತು. ಈಗ ಹಿರಿಯರು ಬಂದು ಹೆಣ್ಣು ಕೇಳಬೇಕು. ಆದರೆ ಹುಡುಗನ ತಾಯಿ, ಹಜ್ ಯಾತ್ರೆ ಮುಗಿಸಿ ಬಂದ ಹಜ್ಜಾ ಯಾಮ್ನಾ, ಸಾಮಾನ್ಯದವರಲ್ಲ. ಹಿರಿಮಗನಿಗೆ ಹೆಣ್ಣು ನೋಡಲು ಹೋದಾಗ, ಚಹಾ ತಣ್ಣಗಿತ್ತು ಅಂತ ತಂದ ಉಡುಗೊರೆಯನ್ನೆಲ್ಲ ವಾಪಸ್ ಕಟ್ಟಿಕೊಂಡು ಎದ್ದು ಬಂದವರು.

"ಅಪ್ಪಾ, ನಿಮ್ಮ ಕಾಲಿಗೆ ಬೀಳ್ತೀನಿ" ಎಂದಳು ವಿದಾದ್. "ಈದ್ ದಿನ ಮಾಡಿದ ಹಾಗೆ ಮಾಡ್ಬೇಡಿ. ರುಚಿ ನೋಡಿ ನೋಡಿ ತಲೆ ಸುತ್ತಿ ಮಾವನ ಹೆಗಲ ಮೇಲೆ ಬಿದ್ರಲ್ಲ."

"ಅದು ಪ್ರೀತಿಯಿಂದ ಒರಗಿದ್ದು ಕಣೆ."

"ಪ್ರೀತೀಲಿ ಗೊರಕೆ ಹೊಡೀತಾರಾ?"

ಲಲ್ಲಾ ತಾಮು ನೇರ ತೀರ್ಪೇ ಕೊಟ್ಟುಬಿಟ್ಟಳು. "ತಟ್ಟೆ ಮುಂದೆ ಈ ಸಲ ನನ್ನ ತಮ್ಮ ಕೂರ್ಲಿ."

ಸಿ ಅಲ್ಲಾಲರು ಕೂತಲ್ಲಿಂದ ಎದ್ದೇಬಿಟ್ಟರು. ಮಗಳ ನಿಶ್ಚಯದ ದಿನ ತಂದೆ ತಟ್ಟೆಯ ಮುಂದೆ ಕೂರದಿರುವುದೇ! ಊರಿನವರು ಏನಂದಾರು? "ನಿನ್ನ ತಮ್ಮನಾ? ಅವನು ಹೂಜಿ ಎತ್ತಿದ್ರೆ ಅರ್ಧ ಚಹಾ ರತ್ನಗಂಬಳಿ ಕುಡಿಯುತ್ತೆ. ಅಲ್ಲಾಣೆ ತಾಮು, ಒಂದೇ ಒಂದು ಗುಟುಕು. ನಾಲಿಗೆ ತುದಿಗೆ."

"ತುದಿಗೆ?"

"ತುದಿಯ ತುದಿಗೆ."

ಶುಕ್ರವಾರ ಮಧ್ಯಾಹ್ನದ ಇಳಿಹೊತ್ತಿಗೆ ತಾಝಾದವರು ಬಂದರು. ಹಾಲು, ಖರ್ಜೂರದ ಸ್ವಾಗತ ಆಯಿತು. ಅವರು ತಂದ ಉಡುಗೊರೆಗಳ ಪೈಕಿ ಸಕ್ಕರೆ ಗೋಪುರಗಳು ಗೋಡೆಯುದ್ದಕ್ಕೂ ಸಾಲಾಗಿ ನಿಂತವು. ಸಿ ಅಲ್ಲಾಲರು ಭಾವಿ ಅಳಿಯನ ಮುಖವನ್ನು ಇನ್ನೂ ಸರಿಯಾಗಿ ನೋಡಿರಲಿಲ್ಲ, ಆ ಗೋಪುರಗಳನ್ನು ಮಾತ್ರ ಬುಡದಿಂದ ತುದಿಯವರೆಗೆ ನೋಡಿದ್ದರು.

ಹೆಂಗಸರು ವಿದಾದಳ ರೇಷ್ಮೆ ಗುಂಡಿಯ ಉಡುಪು ನೋಡಲು ಒಳಕೋಣೆಗೆ ಹೋದರು. ತೌಫೀಕ್ ಗಾಡಿ ನಿಲ್ಲಿಸಲು ಜಾಗ ಹುಡುಕಿಕೊಂಡು ಹೋಗಿದ್ದ. ತಟ್ಟೆಯ ಮುಂದೆ ಸಿ ಅಲ್ಲಾಲರು, ಪಕ್ಕದಲ್ಲಿ ಹುಡುಗನ ತಂದೆ ಸಿ ಬೂಶ್ತಾ. ದಪ್ಪ ಮೀಸೆ, ಅದಕ್ಕಿಂತ ದಪ್ಪ ಹೊಟ್ಟೆ, ಮಾತಿಗೆ ಮುಂಚೆ ನಿಟ್ಟುಸಿರು.

ಸಿ ಅಲ್ಲಾಲರು ಬಿಸ್ಮಿಲ್ಲಾ ಎಂದು ಲೋಟಕ್ಕೆ ಸುರಿದು, ಕೊಟ್ಟ ಮಾತಿನಂತೆ ತುದಿಯ ತುದಿಗೆ ತಾಗಿಸಿದರು. "ಇನ್ನೊಂದು ತುಂಡು ಬೇಕೇನೋ..."

"ಬೇಕೇನೋ ಅಂದ್ರೆ ಅನುಮಾನ ಇದೆ ಅಂತ ಆಯ್ತು" ಎಂದು ಸಿ ಬೂಶ್ತಾ ಹತ್ತಿರ ಸರಿದರು. "ನಾನೂ ಒಂಚೂರು ನೋಡ್ಲಾ? ನಂಗೇನು ಆಸೆ ಇಲ್ಲ, ಡಾಕ್ಟ್ರು ಬೇಡ ಅಂದಿದಾರೆ. ಆದ್ರೆ ಬೀಗರಿಗೆ ಸಹಾಯ ಮಾಡದೆ ಹೇಗೆ ಸುಮ್ನೆ ಕೂರ್ಲಿ?"

ಸಿ ಅಲ್ಲಾಲರ ಕಣ್ಣಲ್ಲಿ ದೀಪ ಹತ್ತಿತು. ಇಷ್ಟು ವರ್ಷಗಳ ಮೇಲೆ ತನ್ನನ್ನು ಅರ್ಥ ಮಾಡಿಕೊಂಡ ಒಂದು ಜೀವ! ಸುರಿದು ಕೊಟ್ಟರು. ಸಿ ಬೂಶ್ತಾ ಕುಡಿದು, "ಒಂದು ತುಂಡು ಹಾಕಿ" ಎಂದರು. ಹಾಕಿದರು. ಇಬ್ಬರೂ ನೋಡಿದರು. ಈಗ ಪುದೀನ ಮುಂದಾಯಿತು ಅನ್ನಿಸಿತು. ಅದನ್ನು ಸರಿದೂಗಿಸಲು ಇನ್ನೊಂದು ತುಂಡು, ಅದು ಕರಗಿತೋ ಇಲ್ಲವೋ ತಿಳಿಯಲು ಇನ್ನೊಂದು ಲೋಟ, ಒಬ್ಬರ ಅಭಿಪ್ರಾಯ ಇನ್ನೊಬ್ಬರಿಗೆ ಹೊಂದದ ಕಾರಣ ಮರುಪರಿಶೀಲನೆ. ಎರಡು ದೇಶಗಳ ಗಡಿ ಗುರುತಿಸುವವರೂ ಇಷ್ಟು ಶ್ರದ್ಧೆಯಿಂದ ಕೆಲಸ ಮಾಡುವುದಿಲ್ಲ.

ನಡುವೆ ಒಂದು ಸಲ ಸಿ ಅಲ್ಲಾಲರು ಬೀಗರ ಮುಖ ನೋಡಿದರು. ಸಿ ಬೂಶ್ತಾ ಕಣ್ಣು ಮುಚ್ಚಿದ್ದರು. ಮೀಸೆ ಒದ್ದೆ. ಗಂಟಲಮಣಿ ಮೇಲೆ ಕೆಳಗೆ, ಮೇಲೆ ಕೆಳಗೆ.

"ಅರೆ!" ಎಂದುಕೊಂಡರು ಸಿ ಅಲ್ಲಾಲರು. "ಈ ಮನುಷ್ಯ ರುಚಿ ನೋಡ್ತಿಲ್ಲ. ಕುಡೀತಿದಾನೆ! ನಾಚಿಕೆ ಇಲ್ವೇನಯ್ಯ, ಸಹಾಯ ಅಂತ ನೆಪ ಹೇಳ್ಕೊಂಡು..."

ಅಷ್ಟರಲ್ಲಿ ತಮ್ಮ ಕೈಯಲ್ಲೂ ಒಂದು ಲೋಟ ಇರುವುದು ಅವರಿಗೆ ಕಾಣಿಸಿತು. ಅದೂ ಖಾಲಿ. ತಮ್ಮ ಮೀಸೆ ಮುಟ್ಟಿಕೊಂಡರು. ಅದೂ ಒದ್ದೆ. ಆ ದಿಕ್ಕಿನಲ್ಲಿ ಮುಂದೆ ಯೋಚಿಸುವುದು ಆರೋಗ್ಯಕ್ಕೆ ಒಳ್ಳೆಯದಲ್ಲ ಅನ್ನಿಸಿ ಗೋಡೆ ಕಡೆ ನೋಡಿದರು. ಗೋಡೆಯ ಬುಡದಲ್ಲಿ ಸಕ್ಕರೆ ಗೋಪುರಗಳು ಸಾಲಾಗಿ ನಿಂತು ಇವರನ್ನೇ ನೋಡುತ್ತಿದ್ದವು.

ಹೆಂಗಸರು ಬಾದಾಮಿ ಕಡುಬಿನ ತಟ್ಟೆ ಹಿಡಿದು ಹೊರಬಂದರು. ತೌಫೀಕನೂ ಬಂದ. ಹಜ್ಜಾ ಯಾಮ್ನಾ ಮೆತ್ತೆಯ ಮೇಲೆ ಆಸೀನರಾಗಿ ಲೋಟ ಚಾಚಿದರು. ಸಿ ಅಲ್ಲಾಲರು ಗತ್ತಿನಿಂದ ಕೈಯನ್ನು ಭುಜದೆತ್ತರಕ್ಕೆ ಎತ್ತಿ ಹೂಜಿ ಬಾಗಿಸಿದರು.

ಒಂದು ಹನಿ ಬಿತ್ತು. ಹಿಂದೆಯೇ ಒಂದು ಪುದೀನ ಎಲೆ.

ಹಜ್ಜಾ ಯಾಮ್ನಾ ಲೋಟದೊಳಗೆ ನೋಡಿದರು. ಆಮೇಲೆ ಹೂಜಿ ನೋಡಿದರು. "ಚಹಾ ಎಲ್ಲಿ?"

ಹಜ್ಜಾ ಪಕ್ಕದಲ್ಲಿದ್ದ ಕೈಚೀಲಕ್ಕೆ ಕೈ ಹಾಕಿದರು.

"ಹೂಜಿ... ಹೂಜಿ ತೂತಿರಬೇಕು" ಎಂದರು ಸಿ ಬೂಶ್ತಾ, ಮೀಸೆ ಒರೆಸಿಕೊಳ್ಳುತ್ತಾ.

ಎಂಥ ಒಳ್ಳೆಯ ನೆಪ! ಸಿ ಅಲ್ಲಾಲರ ಬಾಯಿಗೆ "ಹೌದ್ಹೌದು" ಬಂದೇಬಿಟ್ಟಿತ್ತು. ಅಷ್ಟರಲ್ಲಿ ವಿದಾದಳ ಮುಖ ಕಂಡಿತು. ಬಿಳಿಚಿಕೊಂಡಿತ್ತು. ತೂತು ಹೂಜಿಯ ಮನೆಯಿಂದ ಹಜ್ಜಾ ಯಾಮ್ನಾ ಸೊಸೆ ತಂದಾರೆಯೇ?

"ಹೂಜಿ ತೂತಿಲ್ಲ" ಎಂದರು ಸಿ ಅಲ್ಲಾಲರು. ದನಿ ಅವರದೇ ಆದರೂ ಅವರಿಗೇ ಅಪರಿಚಿತವಾಗಿತ್ತು. "ನಾನು ಕುಡಿದೆ. ರುಚಿ ನೋಡಿದ್ದಲ್ಲ, ಕುಡಿದದ್ದು. ಮರ್ಯಾದೆಗೂ ಅಲ್ಲ, ಅತಿಥಿಗೂ ಅಲ್ಲ. ನಂಗೆ ಸಕ್ಕರೆ ಅಂದ್ರೆ ಆಸೆ. ಇಷ್ಟು ವರ್ಷ ಎಲ್ಲರಿಗೂ ಮೋಸ ಮಾಡ್ದೆ. ತಪ್ಪು ನಂದು, ಮಗಳದ್ದಲ್ಲ."

ಭೂಕಂಪ ಆಗುತ್ತದೆಂದು ತಲೆ ತಗ್ಗಿಸಿ ಕಾದರು. ಆಗಲಿಲ್ಲ.

"ಯಾರಿಗೆ ಮೋಸ ಮಾಡಿದ್ರಿ?" ಎಂದಳು ತಾಮು, ಕಡುಬಿನ ತಟ್ಟೆ ಸರಿಸುತ್ತಾ. "ಸೆಫ್ರೂನಲ್ಲಿ ಬೆಕ್ಕಿಗೂ ಗೊತ್ತು. ಗೊತ್ತಿಲ್ದೆ ಇದ್ದೋರು ನೀವೊಬ್ರೇ. ಇವತ್ತು ನಿಮಗೂ ತಿಳೀತಲ್ಲ, ಸಂತೋಷ."

ಹಜ್ಜಾ ಯಾಮ್ನಾ ನಿಧಾನಕ್ಕೆ ಗಂಡನ ಕಡೆ ತಿರುಗಿದರು. "ಕೇಳಿಸ್ತಾ? ನೀವೇನಂತೀರಿ?"

"ನಂದು ಬೇರೆ ವಿಷ್ಯ ಯಾಮ್ನಾ. ನಾನು ಬೀಗರಿಗೆ ಸಹಾ..."

"ಮೀಸೆ ಒರೆಸ್ಕೊಳ್ಳಿ ಮೊದ್ಲು. ಪುದೀನ ಬೆಳೆದಿದೆ ಅದರಲ್ಲಿ." ಹಜ್ಜಾ ಕೈಚೀಲದಿಂದ ಕೈ ಹೊರತೆಗೆದರು. ಕೈಯಲ್ಲಿದ್ದದ್ದು ಉಂಗುರದ ಡಬ್ಬಿ. "ತಾಮು, ನಮ್ಮನೇಲೂ ಇಂಥದ್ದೇ ಒಂದಿದೆ ಕಣಮ್ಮ. ನಿಮ್ಮದು ಬಾಯಿಬಿಟ್ಟು ಒಪ್ಕೊಳ್ತು, ನಮ್ಮದು ಅದೂ ಇಲ್ಲ. ಬಾ ವಿದಾದ್, ಬೆರಳು ಕೊಡು."

ಮನೆ ತುಂಬ ಹೆಂಗಸರ ಹರ್ಷದ ಉಲಿ ಎದ್ದಿತು. ವಿದಾದ್ ಅತ್ತಳು, ನಕ್ಕಳು, ಅಪ್ಪನ ಕೆನ್ನೆಗೆ ಮುತ್ತು ಕೊಟ್ಟಳು. ಸಿ ಅಲ್ಲಾಲರ ಎದೆ ಹತ್ತಿಯಂತೆ ಹಗುರಾಯಿತು. ನಿಜ ಹೇಳುವುದು ಇಷ್ಟು ಸುಖವೇ? ಮೊದಲೇ ಗೊತ್ತಿದ್ದರೆ! ಎದೆಯುಬ್ಬಿಸಿ ಸುತ್ತ ನೋಡಿದರು.

"ತಾಮು, ಇಷ್ಟು ದೊಡ್ಡ ನಿಜ ಹೇಳಿ ಗಂಟಲು ಒಣಗಿಹೋಯ್ತು. ಇಂಥ ದಿನ ದಿನಾ ಬರುತ್ತಾ? ಪ್ರಾಮಾಣಿಕತೆಗೆ ಬಹುಮಾನ ಅಂತ ಒಂದೇ ಒಂದು ಲೋಟ..."

"ಆಗ್ಲಿ, ಅದಕ್ಕೇನಂತೆ" ಎಂದಳು ತಾಮು. ಅಷ್ಟು ಸಿಹಿಯಾಗಿ ಆಕೆ ಮಾತಾಡಿದ್ದು ಮದುವೆಯಾದ ವಾರ ಮಾತ್ರ. ಒಳಗೆ ಹೋಗಿ ಪುಟ್ಟ ಹೂಜಿಯೊಂದನ್ನು ತಂದು ತಾನೇ ಸುರಿದುಕೊಟ್ಟಳು.

ಸಿ ಅಲ್ಲಾಲರು ದೊಡ್ಡ ಗುಟುಕನ್ನೇ ಎಳೆದರು. ಶೀಬಾ ಸೊಪ್ಪು! ನೆಗಡಿ ಕೂಡ ಹೆದರಿ ಓಡುವ ಕಡುಕಹಿಯ ಸೊಪ್ಪು, ಒಂದು ಕಾಳು ಸಕ್ಕರೆಯಿಲ್ಲದೆ. ನಾಲಿಗೆ ಒಳಗೊಳಗೇ ಸುರುಳಿ ಸುತ್ತಿಕೊಂಡಿತು. ಆದರೆ ಎದುರಿಗೆ ಹೊಸ ಬೀಗರು, ಹಜ್ಜಾ ಯಾಮ್ನಾ ಬೇರೆ ಇವರ ಮುಖವನ್ನೇ ನೋಡುತ್ತಿದ್ದಾರೆ. ತನ್ನ ಮನೆಯ ಚಹಾ ಕುಡಿದು ಯಜಮಾನನೇ ಮುಖ ಹಿಂಡುವುದೇ?

"ಹೇಗಿದೆ ಸಿ ಅಲ್ಲಾಲ್? ಸಕ್ಕರೆ ಸಾಕಾ?" ಎಂದು ಸಿ ಬೂಶ್ತಾ ಆಸೆಯಿಂದ ಕೇಳಿದರು.

"ಆಹಾ... ಸಾಕು" ಎಂದರು ಸಿ ಅಲ್ಲಾಲರು, ಕಣ್ಣಂಚು ಒರೆಸಿಕೊಳ್ಳುತ್ತಾ. "ಬೇಕಾದಷ್ಟಿದೆ."

"ಹಾಗಾದ್ರೆ ನಂಗೂ ಅದೇ ಕೊಡಿ" ಎಂದು ಬೀಗರು ಲೋಟ ಚಾಚಿದರು. ಕುಡಿದರು. ಹೆಂಡತಿಯ ಕಣ್ಣು ತಮ್ಮ ಮೇಲೆ ನೆಟ್ಟಿರುವುದನ್ನು ಕಂಡು, "ಆಹಾ" ಎಂದರು ಅವರೂ, ದನಿ ಮಾತ್ರ ಬಾವಿಯೊಳಗಿಂದ ಬಂದಂತಿತ್ತು.

"ಹಜ್ಜಾ, ಸಾಕ್ಷಿ ನೀವೇ" ಎಂದಳು ಲಲ್ಲಾ ತಾಮು. "ಇಷ್ಟು ವರ್ಷದಲ್ಲಿ ಮೊದಲ ಸಲ ಈ ಮನುಷ್ಯನ ಬಾಯಲ್ಲಿ 'ಸಾಕು' ಅಂತ ಬಂತು. ಇನ್ಮೇಲೆ ಈ ಮನೇಲಿ ದಿನಾ ಇದೇ ಚಹಾ."

"ಆ ಸೊಪ್ಪಿನ ಒಂದು ಕಟ್ಟು ನಂಗೂ ಕೊಡಮ್ಮ, ತಾಝಾಕ್ಕೆ ಒಯ್ತೀನಿ" ಎಂದು ಹಜ್ಜಾ ಯಾಮ್ನಾ ತಾವೇ ಹೂಜಿ ಎತ್ತಿಕೊಂಡು, ಇಬ್ಬರು ಅಪ್ಪಂದಿರ ಲೋಟಗಳನ್ನೂ ಅಂಚಿನವರೆಗೆ ತುಂಬಿಸಿದರು.