ಹಾಜಿ ಫರ್ಹಾನರ ಎಡಗೈ ರೀಲು

ಹಿಡಿ ಮುರಿದದ್ದು ಶುಕ್ರವಾರ ಬೆಳಿಗ್ಗೆ ಎಂಟು ಗಂಟೆಗೆ. ಹಾತಿಮ್ ತನ್ನ ಅಪ್ಪನ ಹಳೇ ಗಾಳದ ರೀಲನ್ನು ಮೊಣಕಾಲುಗಳ ನಡುವೆ ಅಮುಕಿಕೊಂಡು, ಬಲಕ್ಕಿದ್ದ ಹಿಡಿಯನ್ನು ಬಿಚ್ಚಿ ಎಡಕ್ಕೆ ಹಾಕಲು ಹೊರಟಿದ್ದ. ತುಕ್ಕು ಬಿಡಲಿಲ್ಲ, ಹಿಡಿಯೇ ಕೈಗೆ ಬಂತು.

ಹಿಡಿ ಎಡಕ್ಕೇ ಬೇಕಿತ್ತು. ಲಕ್ವ ಹೊಡೆದು ಏಳು ತಿಂಗಳು. ಅಪ್ಪ ಹಾಜಿ ಫರ್ಹಾನರ ಬಲಗೈ ಬಿದ್ದುಹೋಗಿತ್ತು, ಮಾತು ಪೂರ್ತಿ ನಿಂತಿತ್ತು. ಅಮಾರಾ ಪಟ್ಟಣದ ಅರ್ಧ ಜನರನ್ನು ಬೈದು ಬೆಳೆಸಿದ ಬಾಯಿ ಅದು. ಇಷ್ಟವಾದ ಕೆಲಸ ಮಾಡಿಸಿ, ಮಾತು ಬಂದರೂ ಬರಬಹುದು ಎಂದಿದ್ದರು ಡಾಕ್ಟರು. ಟೈಗ್ರಿಸ್ ದಂಡೆಯಲ್ಲಿ ಗಾಳ ಹಾಕಿ ಕೂರುವುದಕ್ಕಿಂತ ಇಷ್ಟವಾದದ್ದು ಹಾಜಿಗೆ ಇನ್ನೇನಿತ್ತು? ಇವತ್ತು ಸಂಜೆ ಕರೆದೊಯ್ಯುತ್ತೇನೆಂದು ಹಾತಿಮ್ ಮಾತು ಕೊಟ್ಟಿದ್ದ. ಅಪ್ಪನ ಬಾಯಿಂದ ಒಂದೇ ಒಂದು ಬೈಗುಳ ಕೇಳಿದರೂ ಅವನಿಗೆ ಸಾಕಿತ್ತು.

ಪಕ್ಕದ ಮನೆಯ ಅಬೂ ದುರೈದ್ ತನ್ನ ರೀಲನ್ನು ಹಿಡಿದುಕೊಂಡು ಗೋಡೆಯ ಮೇಲಿಂದ ಇಣುಕಿದ. "ಮುರಿದ್ಯಾ? ನೋಡಿಲ್ಲಿ, ರೀಲು ಅಂದ್ರೆ ಇದು."

"ಅಬ್ಬಾ, ಎಷ್ಟ್ ಚೆನ್ನಾಗಿದೆ!" ಎಂದುಬಿಟ್ಟ ಹಾತಿಮ್.

"ನಿಂದೇ ಕಣೋ, ತಗೋ!"

ಹೊಗಳಿದವನಿಗೆ ಹಾಗೆನ್ನದಿದ್ದರೆ ಮರ್ಯಾದೆಯಲ್ಲ. ಅಂದರೆಂದು ತೆಗೆದುಕೊಂಡವನು ಮನುಷ್ಯನೇ ಅಲ್ಲ. ಹಾತಿಮ್ ಎದೆಯ ಮೇಲೆ ಕೈಯಿಟ್ಟು, "ಯಜಮಾನನ ಕೈಯಲ್ಲೇ ಬಾಳಲಿ" ಎಂದು ಮೂರು ಸಲ ಹೇಳಿದ. ಅಬೂ ದುರೈದ್ ಮೊದಲನೇ ಸಲಕ್ಕೇ ರೀಲನ್ನು ಒಳಗಿಟ್ಟಾಗಿತ್ತು. "ನಡಿ, ಅಂಗಡಿಗೆ ನಾನೂ ಬರ್ತೀನಿ. ನಿನ್ನೊಬ್ಬನ್ನೇ ಬಿಟ್ರೆ ಟೋಪಿ ಹಾಕ್ತಾರೆ."

ಸಬ್ರಿಯ ಗಾಳದ ಸಾಮಾನಿನ ಅಂಗಡಿಯಲ್ಲಿ ಚಹಾ ಕುಡಿಯುತ್ತಿದ್ದವರೆಲ್ಲ ಎದ್ದು ನಿಂತು ಸಲಹೆ ಕೊಡತೊಡಗಿದರು. ಹಾತಿಮನ ಜೇಬಿನಲ್ಲಿದ್ದದ್ದು ಇಪ್ಪತ್ತೈದು ಸಾವಿರ ದಿನಾರು. "ಹತ್ತು ಬೇರಿಂಗಿಗಿಂತ ಕಮ್ಮಿ ಮುಟ್ಟಲೇಬೇಡ" ಎಂದ ಒಬ್ಬ. "ದೊಡ್ಡ ಸೈಜು ತಗೊಳ್ಳಪ್ಪ" ಎಂದ ಇನ್ನೊಬ್ಬ. "ಯಾಕೆ, ಒಂಟೆ ಎಳೀಬೇಕಾ?" ಎಂದು ಅಬೂ ದುರೈದ್ ಅವನ ಮೇಲೆ ಬಿದ್ದ.

"ಹಿಡಿ ಎಡಕ್ಕೆ ಬರತ್ತಾ?" ಎಂದು ಹಾತಿಮ್ ನಾಲ್ಕು ಸಲ ಕೇಳಿದ. ಯಾರ ಕಿವಿಗೂ ಬೀಳಲಿಲ್ಲ. ಜುಮ್ಮಾ ನಮಾಜಿನ ಕರೆ ಕೇಳಿ ಸಬ್ರಿ ಬಾಗಿಲು ಎಳೆಯುವಾಗ ಐದನೇ ಸಲ ಕೇಳಿದ.

"ಎಡಕ್ಯಾಕೆ? ಓ... ಹಾಜಿಗಾ? ಮೊದ್ಲೇ ಹೇಳಬಾರದಾ ಮಾರಾಯ!" ಸಬ್ರಿ ಮೂಲೆಯಿಂದ ಧೂಳು ಹಿಡಿದ ಪೆಟ್ಟಿಗೆ ತೆಗೆದ. ನಾಲ್ಕೇ ಬೇರಿಂಗು, ಸಾಧಾರಣ ಸೈಜು. ತಿರುಪು ಬಿಚ್ಚಿದರೆ ಹಿಡಿ ಎಡಕ್ಕೂ ಕೂರುತ್ತದೆ, ಬಲಕ್ಕೂ ಕೂರುತ್ತದೆ. "ಇಪ್ಪತ್ತೆರಡು ಸಾವಿರ. ಇದೊಂದೇ ಉಳಿದಿರೋದು."

"ಥೂ, ಆಟದ ಸಾಮಾನು. ನೋಡಿದ್ ಮೀನು ನಗತ್ತೆ" ಎಂದ ಅಬೂ ದುರೈದ್.

ಸಂಜೆ ಹಾತಿಮ್ ಗಾಳದ ಕೋಲನ್ನು ಎರಡು ಇಟ್ಟಿಗೆಗಳ ನಡುವೆ ಸಿಕ್ಕಿಸಿ, ಅಪ್ಪನ ಎಡಗೈಯನ್ನು ರೀಲಿನ ಹಿಡಿಯ ಮೇಲಿಟ್ಟ. ಬುದ್ಧಿ ಹೇಳಲು ಅಬೂ ದುರೈದನೂ ಬಂದಿದ್ದ. ಅಂಗಡಿಯಲ್ಲಿ ಚಹಾ ಕುಡಿಯುತ್ತಿದ್ದವರೂ ಬಂದಿದ್ದರು. ಹೊತ್ತು ಇಳಿಯುವಾಗ ದಾರ ಜಗ್ಗಿತು. ರೀಲು ಕಿರ್ರೆಂದು ದಾರ ಬಿಟ್ಟುಕೊಟ್ಟಿತು. ಮೀನು ದಣಿದ ಮೇಲೆ ಹಾಜಿ ಮೆಲ್ಲಗೆ ಸುತ್ತತೊಡಗಿದರು. ಎರಡು ಕಿಲೋದ ಗೆಂಡೆಮೀನು ದಡಕ್ಕೆ ಬಂದು ಬಿತ್ತು.

ಅಬೂ ದುರೈದನಿಗೆ ತಡೆಯಲಾಗಲಿಲ್ಲ. "ಹಾಜೀ, ಏನ್ ರೀಲು ಇದು! ಬೆಣ್ಣೆ ಥರ ಸುತ್ತತ್ತಲ್ಲ!"

ಹಾಜಿಯ ತುಟಿ ಅಲುಗಿತು. "ನಿಂದೇ... ತಗೋ."

ಹಾತಿಮ್ ಅಲ್ಲೇ ಮರಳಿನಲ್ಲಿ ಕುಸಿದು ಕೂತು ಅತ್ತ. ಅಬೂ ದುರೈದ್ ಎದೆಯ ಮೇಲೆ ಕೈಯಿಟ್ಟು ಬೇಡವೆನ್ನಲು ಬಾಯಿ ತೆರೆದ. ಚಹಾದವರು ಬಿಡಬೇಕಲ್ಲ! "ಬೇಡ ಅನ್ಬೇಡ್ವೋ! ಏಳು ತಿಂಗಳಿಗೆ ಬಂದ ಮೊದಲ್ನೇ ಮಾತು. ಅದನ್ನ ತಳ್ಳಿಹಾಕ್ತೀಯಾ?"

ಹೌದೆನ್ನಿಸಿತು ಎಲ್ಲರಿಗೂ. ಆ ಹೊತ್ತಿನಲ್ಲಿ ಮನೆ ಕೇಳಿದ್ದರೂ ಹಾತಿಮ್ ಕೊಡುತ್ತಿದ್ದ. ತಾನೇ ರೀಲು ಬಿಚ್ಚಿ, ಮುತ್ತಿಟ್ಟು, ಅಬೂ ದುರೈದನ ಕೈಯಲ್ಲಿಟ್ಟ.

ಮನೆಯ ಅಂಗಳಕ್ಕೆ ಬಂದ ಮೇಲೆ ಹಾಜಿ ಮಗನ ತೋಳು ಹಿಡಿದೆಳೆದರು. ಹಾತಿಮ್ ಕಿವಿಗೊಟ್ಟ.

"ಕತ್ತೆ ನನ್ಮಗ" ಎಂದರು ಹಾಜಿ. "ಮಾತಿಗೆ ಅಂದ್ರೆ... ತಗೊಂಡೇ ಹೋದ್ನಲ್ಲೋ! ನೀನ್ಯಾಕೋ ಬಿಚ್ಚಿ ಕೊಟ್ಟೆ, ಮುಠ್ಠಾಳ?"

ಹಾತಿಮನಿಗೆ ಅಳುವೂ ನಗುವೂ ಒಟ್ಟಿಗೇ ಬಂದವು.

"ಹಲ್ಲು ಬಿಡಬೇಡ. ಹೋಗು. ಅವನ ಮುಂದೆ ನಿಂತ್ಕೊಂಡು ರೀಲು ಚೆನ್ನಾಗಿದೆ ಅನ್ನು. ತಗೋ ಅಂದ ತಕ್ಷಣ ತಗೊಂಡ್ ಬಾ."

ಹಾತಿಮ್ ಕಣ್ಣೊರೆಸಿಕೊಂಡು ಗೋಡೆಯ ಬಳಿ ಹೋದ. ಆಚೆ ಅಬೂ ದುರೈದ್ ರೀಲನ್ನು ಅಂಗವಸ್ತ್ರದಿಂದ ಒರೆಸುತ್ತಿದ್ದ.

"ಅಬ್ಬಾ, ಎಷ್ಟ್ ಚೆನ್ನಾಗಿದೆ!" ಎಂದ ಹಾತಿಮ್.

"ನಿಂದೇ ಕಣೋ, ತಗೋ!" ಅಬೂ ದುರೈದ್ ರೀಲನ್ನು ನಿಜವಾಗಿಯೂ ಮುಂದೆ ಚಾಚಿದ.

ಹಾತಿಮ್ ಕೈ ಎತ್ತಿದ. ನಲವತ್ತು ವರ್ಷದ ಅಭ್ಯಾಸದ ಕೈ ಅದು, ನೇರ ಎದೆಯ ಮೇಲೆ ಹೋಗಿ ಕೂತಿತು. "ಯಜಮಾನನ ಕೈಯಲ್ಲೇ ಬಾಳಲಿ" ಎಂದಿತು ಬಾಯಿ.

ಹಿಂದೆ ಅಂಗಳದಲ್ಲಿ ಹಾಜಿಯ ಬೈಗುಳ ಶುರುವಾಯಿತು. ಅದು ಬೀದಿಯ ಕೊನೆಯ ಮನೆಗೂ ಕೇಳಿಸಿತು.