ಕಾರ್ನಿವಲ್‌ನಲ್ಲಿ ಹೆಗಲು ಕೊಟ್ಟ ನಮ್ಮಣ್ಣ

ಕೆಲವರು ಸುಮ್ಮನೆ ಬಸ್‌ಸ್ಟ್ಯಾಂಡಿನಲ್ಲಿ ನಿಂತರೂ ಅಲ್ಲೊಂದು ನಗೆಯ ಪ್ರಸಂಗ ಹುಟ್ಟಿಕೊಳ್ಳುತ್ತದೆ. ನಮ್ಮಣ್ಣ ಅಂಥವರು. ಅಣ್ಣ ಅಂದರೆ ಒಡಹುಟ್ಟಿದವರಲ್ಲ. ಹುಮನಾಬಾದಿನ ಒಂದು ಔಷಧ ಕಾರ್ಖಾನೆಯಲ್ಲಿ ನನಗಿಂತ ಹಿರಿಯ ಫಿಟ್ಟರ್. ಇಬ್ಬರೂ ಬಸವಕಲ್ಯಾಣದವರು, ದಿನಾ ಒಂದೇ ಬಸ್ಸಿಗೆ ಹೋಗಿಬರುವವರು. ಹಾಗಾಗಿ ಅಣ್ಣ.

ಕಾರ್ಖಾನೆಗೆ ಸ್ಪೇನಿನಿಂದ ಗುಳಿಗೆ ಪ್ಯಾಕ್ ಮಾಡುವ ಹೊಸ ಮಷಿನ್ ಬರುವುದಿತ್ತು. ಅದನ್ನು ಬಿಚ್ಚಿ ಜೋಡಿಸುವುದನ್ನು ಕಲಿಯಲು ನಮ್ಮಿಬ್ಬರನ್ನು ಅಲ್ಲಿನ ಒಂದು ಸಣ್ಣ ಊರಿಗೆ ಕಳಿಸಿದರು. ಹೊರಡುವ ದಿನ ಅಣ್ಣನ ಹೆಂಡತಿ, ಅಂದರೆ ನನಗೆ ವೈನಿ, ಒಂದು ಷರತ್ತು ಹಾಕಿದರು. ಇದನ್ನು ಈಗಲೇ ಹೇಳದಿದ್ದರೆ ಮುಂದಿನದು ತಿಳಿಯುವುದಿಲ್ಲ.

“ಅಲ್ಲಿ ಮೀನು, ಮಾಂಸ ಏನಾರ ಮುಟ್ಟಿದ್ರಿ ಅಂದ್ರ ನನ್ನ ಅಡಿಗಿಮನಿಯೊಳಗ ಕಾಲಿಡಂಗಿಲ್ಲ ನೋಡ್ರಿ” ಅಂದರು. ಆಮೇಲೆ ನನ್ನ ಕಡೆ ತಿರುಗಿ, “ತಮ್ಮಾ, ನೀನೇ ಸಾಕ್ಷಿ. ಬಂದ ಮ್ಯಾಲ ನೀ ಹೇಳಿದ್ದೇ ಖರೆ.”

ಅಣ್ಣನಿಗೆ ಒಲೆಯ ಮುಂದೆ ಕೂತು, ಹೆಂಚಿನಿಂದ ತೆಗೆದ ರೊಟ್ಟಿಯನ್ನು ತಾಟಿಗೆ ಬೀಳುವ ಮೊದಲೇ ಹಿಡಿದು ತಿನ್ನುವ ಅಭ್ಯಾಸ. ಅವರ ಮುಖ ಅಲ್ಲೇ ಸಣ್ಣಗಾಯಿತು.

೧. ಪೊಲೀಸನಿಗೆ ಕಾಣಿಕೆ

ನಾವು ಹೋದಾಗ ಅಲ್ಲಿ ಕಾರ್ನಿವಲ್ ನಡೆಯುತ್ತಿತ್ತು. ಕ್ರಿಶ್ಚಿಯನ್ನರಿಗೆ ಈಸ್ಟರಿನ ಮೊದಲು ಉಪವಾಸದ ದಿನಗಳಿರುತ್ತವೆ. ಅವು ಶುರುವಾಗುವ ಮುಂಚೆ ಮನಸಾರೆ ತಿಂದು, ವೇಷ ಹಾಕಿ ಕುಣಿಯುವ ಹಬ್ಬವೇ ಕಾರ್ನಿವಲ್. ಊರಿಗೆ ಊರೇ ವೇಷ ಹಾಕಿತ್ತು. ನಮಗೆ ಕಲಿಸುವ ಇಂಜಿನಿಯರು ಕೋಳಿಯ ವೇಷದಲ್ಲಿ ಬಂದು ಗೇರ್‌ಬಾಕ್ಸ್ ಬಿಚ್ಚಿ ತೋರಿಸಿದರು.

“ಚಲೋ ಕಲಿಸಾಕತ್ತಾನ” ಅಂದರು ಅಣ್ಣ, “ಆದ್ರ ನಟ್ಟು ಬೋಲ್ಟಿನ ಮ್ಯಾಲ ಕಾವಿಗೆ ಕುಂತಾನಂತ ಹೆದರಿಕಿ ಆಗಾಕತ್ತದ.”

ಸಂಜೆ ಅದೇ ವೇಷದಲ್ಲಿದ್ದ ಇಂಜಿನಿಯರ ಜೊತೆ ಬೀದಿಗೆ ಹೋದೆವು. ಚೌಕದಲ್ಲಿ ಒಬ್ಬ ಪೊಲೀಸ್ ನಿಂತಿದ್ದ. ದಪ್ಪ ಮೀಸೆ, ಫಳಫಳ ಹೊಳೆಯುವ ಬೂಟು. ನಮ್ಮ ಕಡೆ ಹಗಲುವೇಷದವರು ಬರುತ್ತಾರಲ್ಲ, ಇನ್ಸ್‌ಪೆಕ್ಟರ್ ವೇಷ ಹಾಕಿ ಅಂಗಡಿ ಮುಂದೆ ಗದರಿಸುವವರು, ಅವರಿಗೆ ಕೈಲಾದಷ್ಟು ಕೊಟ್ಟು ಕಳಿಸುವುದು ಪದ್ಧತಿ. ಅಣ್ಣ ಹತ್ತಿರ ಹೋಗಿ ಅವನನ್ನು ಮೇಲಿಂದ ಕೆಳಗೆ ನೋಡಿದರು. “ವ್ಹಾ! ಮೀಸಿ ಅಂತೂ ಭಾರಿ ಅಂಟಿಸ್ಯಾನ” ಅಂದು, ಅವನ ಅಂಗಿಯ ಜೇಬಿಗೆ ಒಂದು ನಾಣ್ಯ ಹಾಕಿ ಬೆನ್ನು ತಟ್ಟಿದರು.

ಅವನು ಖರೇ ಪೊಲೀಸ್.

ಲಂಚ ಕೊಡಲು ಬಂದಿದ್ದಾರೆಂದು ತಿಳಿದು ಅವನು ನಾಣ್ಯವನ್ನು ವಾಪಸ್ ಕೈಗಿಟ್ಟು, ಅಣ್ಣನ ತೋಳು ಹಿಡಿದುಕೊಂಡ. ಕೋಳಿ ಓಡಿಬಂದು ಅವರ ಭಾಷೆಯಲ್ಲಿ ಎಲ್ಲ ವಿವರಿಸಿದ ಮೇಲೆ ಬಿಟ್ಟ. ದಾರಿಯುದ್ದಕ್ಕೂ ಅಣ್ಣನದು ಒಂದೇ ಮಾತು: “ನಮ್ಮ ಕಡಿ ಹಗಲುವೇಷದವನು ರೊಕ್ಕ ವಾಪಸ್ ಕೊಡಂಗಿಲ್ಲಪಾ. ಇಂವ ಕೊಟ್ಟಾಗೇ ನನಗ ಡೌಟ್ ಬರಬೇಕಿತ್ತು.”

೨. ರೊಟ್ಟಿಗೆ ಕಣ್ಣು

ವೈನಿ ಒಂದು ಡಬ್ಬಿ ತುಂಬ ಕಡಕ್ ರೊಟ್ಟಿ ಕಟ್ಟಿಕೊಟ್ಟಿದ್ದರು. ಕಡಕ್ ರೊಟ್ಟಿ ಅಂದರೆ ತೆಳ್ಳಗೆ ತಟ್ಟಿ, ಒಣಗಿಸಿದ ಜೋಳದ ರೊಟ್ಟಿ, ತಿಂಗಳಾದರೂ ಕೆಡುವುದಿಲ್ಲ. ಹಬ್ಬದ ಊರಿನಲ್ಲಿ ಎಲ್ಲದರಲ್ಲೂ ಹಂದಿಯೋ ಮೀನೋ ಇದ್ದೇ ಇರುತ್ತಿತ್ತು. ಆದ್ದರಿಂದ ಅಣ್ಣ ರೊಟ್ಟಿ ಮತ್ತು ಶೇಂಗಾ ಹಿಂಡಿ, ಅಂದರೆ ಶೇಂಗಾ ಚಟ್ನಿಪುಡಿಯ ಮೇಲೆಯೇ ಜೀವ ಹಿಡಿದಿದ್ದರು.

ನಾವು ಉಳಿದುಕೊಂಡ ಮನೆಯ ಒಡತಿ ಒಬ್ಬ ಅಜ್ಜಿ. ಒಂದು ದಿನ ಬಂದು ನೋಡುತ್ತೇವೆ, ಅಜ್ಜಿ ನಮ್ಮ ಡಬ್ಬಿ ಮುಂದಿಟ್ಟುಕೊಂಡು ಕೂತಿದ್ದಾರೆ. ಗುಂಡಗೆ, ಗಟ್ಟಿಯಾಗಿ, ಮುಖದಷ್ಟೇ ಅಗಲ ಇರುವ ರೊಟ್ಟಿಯನ್ನು ನಮ್ಮೂರಿನ ಮುಖವಾಡ ಎಂದು ತಿಳಿದಿದ್ದರು. ಒಂದಕ್ಕೆ ಆಗಲೇ ಎರಡು ಕಣ್ಣು ಕೊರೆದಾಗಿತ್ತು. ನಮ್ಮನ್ನು ನೋಡಿ ಖುಷಿಯಿಂದ ಅದನ್ನು ಮುಖಕ್ಕೆ ಹಿಡಿದು, ಸೊಂಟ ಕುಣಿಸಿ ತೋರಿಸಿದರು. ಆಮೇಲೆ ಕೆಳಗಿನ ಭಾಗಕ್ಕೆ ಚಾಕು ಇಟ್ಟರು.

ಅಣ್ಣ ತಲೆ ಮೇಲೆ ಕೈ ಹೊತ್ತು ಕೂತರು. “ಬಾಯೊಳಗ ಹೋಗೋ ರೊಟ್ಟಿಗೇ ಬಾಯಿ ಮಾಡಾಕತ್ತಾಳಲ್ಲೋ ಈಕಿ!”

೩. ಹೆಗಲು

ಕೊನೆಯ ದಿನ ಮಧ್ಯಾಹ್ನ ಬೀದಿಯಲ್ಲಿ ಶವಯಾತ್ರೆ ಬಂತು. ಎಲ್ಲರೂ ಕಪ್ಪು ಬಟ್ಟೆ. ಹೆಂಗಸರು ಮುಖದ ಮೇಲೆ ಕಪ್ಪು ಜಾಲರಿ ಬಟ್ಟೆ ಇಳಿಬಿಟ್ಟು ಎದೆ ಬಡಿದುಕೊಂಡು ಅಳುತ್ತಿದ್ದರು. ಮುಂದೆ ಬ್ಯಾಂಡ್ ಇತ್ತು. ನಮ್ಮಲ್ಲೂ ಹಿರಿಯರು ಹೋದರೆ ಹಲಗಿ ಬಾರಿಸುವುದರಿಂದ ಬ್ಯಾಂಡ್ ಕಂಡು ನಮಗೆ ಅನುಮಾನ ಬರಲಿಲ್ಲ. ಆದರೆ ಪೆಟ್ಟಿಗೆ ತೀರಾ ಸಣ್ಣದು.

“ಅಯ್ಯೋ, ಕೂಸು ಇರಬೇಕೋ” ಅಂದರು ಅಣ್ಣ. ಹೆಣ ಎದುರಿಗೆ ಬಂದರೆ ನಾಲ್ಕು ಹೆಜ್ಜೆಯಾದರೂ ಹೆಗಲು ಕೊಡಬೇಕೆಂಬುದು ಅವರಿಗೆ ಚಿಕ್ಕಂದಿನಿಂದ ಬಂದದ್ದು. ಚಪ್ಪಲಿ ಬಿಟ್ಟರು, ನುಗ್ಗಿದರು, ಪೆಟ್ಟಿಗೆಗೆ ಹೆಗಲು ಕೊಟ್ಟರು. ನಾಲ್ಕು ಹೆಜ್ಜೆಗೆ ನಿಲ್ಲಲಿಲ್ಲ. ನದಿಯ ದಂಡೆಯವರೆಗೂ ಬಿಕ್ಕಿಬಿಕ್ಕಿ ಅಳುತ್ತ ನಡೆದರು. ಅವರನ್ನು ನೋಡಿ ಜನ ಚಪ್ಪಾಳೆ ತಟ್ಟುತ್ತಿದ್ದರು. ನನಗೆ ಅದೇ ವಿಚಿತ್ರ ಅನ್ನಿಸಿತು.

ದಂಡೆಯ ಮೇಲೆ ಪೆಟ್ಟಿಗೆ ತೆರೆದರು. ಒಳಗೆ ಹೂವಿನ ಮೇಲೆ ಮಲಗಿತ್ತು, ಗೇಣುದ್ದದ ಒಂದು ಮೀನು.

ಆಮೇಲೆ ಇಂಜಿನಿಯರು ಹೇಳಿದರು: ಹಬ್ಬ ಮುಗಿಯಿತು ಎಂಬುದಕ್ಕೆ ಮೀನಿಗೆ ಸುಳ್ಳು ಸುಳ್ಳೇ ಅಂತ್ಯಸಂಸ್ಕಾರ ಮಾಡುವುದು ಅವರ ಪದ್ಧತಿಯಂತೆ. ಎಲ್ಲರಿಗಿಂತ ಚೆನ್ನಾಗಿ ಅತ್ತವರಿಗೆ ಬಹುಮಾನವೂ ಇತ್ತು. ಅದನ್ನು ಅಣ್ಣನಿಗೇ ಕೊಟ್ಟರು, ಫೋಟೊ ತೆಗೆದರು. ಅಣ್ಣ ಮಾತ್ರ ಹೆಗಲು ಒರೆಸಿಕೊಳ್ಳುತ್ತ, “ಮುಗೀತು. ಇನ್ನ ಆಕಿ ನನ್ನ ಒಳಗ ಬಿಡಂಗಿಲ್ಲ” ಅನ್ನುತ್ತಿದ್ದರು.

ಬಸವಕಲ್ಯಾಣದಲ್ಲಿ ವೈನಿ ಅಂಗಳದಲ್ಲೇ ನಮ್ಮನ್ನು ನಿಲ್ಲಿಸಿದರು. “ಏನ್ ತಮ್ಮಾ, ಮುಟ್ಟಿದ್ರೇನು?”

ಸಾಕ್ಷಿ ಸುಳ್ಳಾಡಬಾರದು. “ತಿಂದಿಲ್ಲರಿ ವೈನಿ. ಹೆಗಲು ಕೊಟ್ಟಾರ” ಅಂದು ನಡೆದದ್ದೆಲ್ಲ ಹೇಳಿದೆ. ವೈನಿ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಕ್ಕರು. “ಪೆಟ್ಟಿಗ್ಯಾಗ ಇತ್ತಲ್ಲ, ಮೈಗೆ ತಾಗಿಲ್ಲ. ಮಣ್ಣಿಗೆ ಹೋಗಿ ಬಂದಂಗಾತು. ಜಳಕಾ ಮಾಡಿ ಒಳಗ ಬರ್ರಿ.”

ಅಣ್ಣನಿಗೆ ಹೋದ ಜೀವ ಬಂತು. ಸ್ನಾನ ಮಾಡಿ, ಒಲೆ ಕಡೆ ಹೊರಟವರು ಖುಷಿಯಲ್ಲಿ ಫೋನ್ ತೆಗೆದು, “ಇದ ನೋಡ, ನಿನ್ನ ಗಂಡಗ ಫಸ್ಟ್ ಪ್ರೈಜ್!” ಅಂತ ಫೋಟೊ ತೋರಿಸಿದರು.

ವೈನಿ ಬಹಳ ಹೊತ್ತು ನೋಡಿದರು. “ಖರೇನೇ ಅತ್ತೀರೇನ್ರಿ?”

“ಖರೇನೇ. ತಡಕೊಳ್ಳಾಕ ಆಗಲಿಲ್ಲ ನೋಡು.”

ವೈನಿ ಅಡುಗೆಮನೆಯ ಬಾಗಿಲಿಗೆ ಅಡ್ಡ ನಿಂತರು. “ನಮ್ಮಪ್ಪ ಹೋದಾಗ ನಿಮ್ಮ ಕಣ್ಣಾಗ ಒಂದ್ ಹನಿ ಬರಲಿಲ್ಲ. ಗುರ್ತಿಲ್ಲದ ಮೀನಿಗೆ ಪ್ರೈಜ್ ಬರೋವಂಗ ಅತ್ತೀರಿ! ಹೋಗ್ರಿ, ಅದರ ಮನಿಯವರ ಕಡೀನೇ ಉಂಡು ಬರ್ರಿ!”