ಕೀಬೋರ್ಡಿಗೆ ಕೊಬ್ಬರಿ ಎಣ್ಣೆ

ಕೀಬೋರ್ಡ್ ವಿಮರ್ಶೆ ಮಾಡುವುದಕ್ಕೆ ತರೀಕೆರೆ ತಾಲ್ಲೂಕಿನಲ್ಲಿ ನನಗಿಂತ ಅರ್ಹರಾದವರು ಯಾರೂ ಇಲ್ಲ ಎಂದು ನಾನು ಪ್ರಾಮಾಣಿಕವಾಗಿ ನಂಬಿದ್ದೆ. ಕಾರಣಗಳಿದ್ದವು. ನಾನು ಕಾನ್ವೆಂಟಿನಲ್ಲಿ ಓದಿದವಳು. ಸಿಸ್ಟರ್‌ಗಳ ಕೈಯಲ್ಲಿ ಗೆಣ್ಣಿಗೆ ಸ್ಕೇಲಿನ ಏಟು ತಿಂದು ಇಂಗ್ಲಿಷ್ ಕಲಿತವಳು. ಆಮೇಲೆ ಇದೇ ಊರಿನ ಬಸ್‌ಸ್ಟ್ಯಾಂಡಿನ ಹಿಂದಿದ್ದ ಇನ್‌ಸ್ಟಿಟ್ಯೂಟಿನಲ್ಲಿ ಟೈಪಿಂಗ್ ಕಲಿತು, ಕೋರ್ಟಿನಲ್ಲಿ ಟೈಪಿಸ್ಟ್ ಆಗಿ ರಿಟೈರ್ ಆದವಳು. ನನ್ನ ಬೆರಳುಗಳು ಎಷ್ಟೋ ಜಮೀನಿನ ಖಾತೆ ಬದಲಾಯಿಸಿವೆ, ಎಷ್ಟೋ ಗಂಡ-ಹೆಂಡಿರನ್ನು ಬೇರೆ ಮಾಡಿವೆ!

ಆದ್ದರಿಂದ ನಮ್ಮ ಮಹಡಿ ಮನೆಯ ಬಾಡಿಗೆ ಹುಡುಗಿ ಶ್ವೇತಾ ಬಂದು, “ಅಜ್ಜಿ, ಒಂದು ಕೀಬೋರ್ಡ್ ರಿವ್ಯೂ ಮಾಡ್ಕೊಡ್ತೀರಾ?” ಎಂದಾಗ, ಅವಳ ಮಾತು ಮುಗಿಯುವ ಮೊದಲೇ “ವೈ ನಾಟ್?” ಎಂದೆ.

ಶ್ವೇತಾ ಅಜ್ಜಂಪುರದಲ್ಲಿ ದನದ ಡಾಕ್ಟರು. ಹಗಲೆಲ್ಲ ಹಸು, ಎಮ್ಮೆಗಳ ಸೇವೆ. ಸಂಜೆ ಮನೆಗೆ ಬಂದಮೇಲೆ ಕೀಬೋರ್ಡ್ ಜೋಡಿಸುವ ಹವ್ಯಾಸ. ಕೆಲವರು ಸ್ವೆಟರ್ ಹೆಣೆಯುವುದಿಲ್ಲವೆ, ಹಾಗೆ. ಬಿಡಿಭಾಗಗಳನ್ನು ಎಲ್ಲೆಲ್ಲಿಂದಲೋ ತರಿಸಿ, ಒಂದೊಂದನ್ನೇ ಬೆಸುಗೆ ಹಾಕಿ ಕೂರಿಸುತ್ತಾಳೆ. ಇಂಥದೇ ಹುಚ್ಚಿನ ಹತ್ತಾರು ಮಂದಿ ಕಡೂರಿನ ಒಂದು ಟ್ಯೂಷನ್ ಸೆಂಟರಿನಲ್ಲಿ ಆಗಾಗ ಭಾನುವಾರ ಸೇರುತ್ತಾರೆ. ಅವಳು ಹೊಸದಾಗಿ ಮಾಡಿದ, ಕೀಗೊಂದು ಸ್ವಿಚ್ಚಿರುವ ಪುಟ್ಟ ಮೆಕ್ಯಾನಿಕಲ್ ಕೀಬೋರ್ಡನ್ನು ಹಳೇ ಕಾಲದ ಟೈಪಿಸ್ಟ್‌ಗಳ ಕೈಯಲ್ಲಿ ವಿಮರ್ಶೆ ಮಾಡಿಸಬೇಕೆಂದು ಆ ಬಳಗ ತೀರ್ಮಾನಿಸಿತ್ತು. ಯಾರ ವಿಮರ್ಶೆ ಚೆನ್ನಾಗಿರುತ್ತದೋ ಕೀಬೋರ್ಡ್ ಅವರಿಗೆ.

“ಟೈಪಿಸ್ಟ್‌ಗಳು ಅಂದ್ಯಲ್ಲ, ಇನ್ನೊಬ್ಬರು ಯಾರು?” ಎಂದೆ.

“ಅಜ್ಜಂಪುರದಲ್ಲಿ ನಾಗರತ್ನ ಆಂಟಿ ಅಂತ ಇದಾರೆ ಅಜ್ಜಿ.”

ಒಂದೇ ವಾಕ್ಯದಲ್ಲಿ ಎರಡು ಸಿಡಿಲು! ಮೊದಲನೆಯದು ನಾಗರತ್ನ. ಎರಡನೆಯದು ಆಂಟಿ. ನಾಗರತ್ನ ನನ್ನ ಓರಗೆಯವಳು. ನನಗೆ ಮಂಡಿ ನೋವು ಬಂದ ವರ್ಷವೇ ಅವಳಿಗೂ ಬಂದಿದೆ. ಅವಳು ಆಂಟಿ, ನಾನು ಅಜ್ಜಿ! ನಮ್ಮಿಬ್ಬರ ನಡುವೆ ಇರುವ ವ್ಯತ್ಯಾಸ ಒಂದು ಪ್ಯಾಕೆಟ್ ಹೇರ್ ಡೈ, ಅಷ್ಟೆ.

ನಾಗರತ್ನ ಬುಕ್ಕಾಂಬುಧಿಯ ಕಡೆಯವಳು. ಕನ್ನಡ ಶಾಲೆ. ಇನ್‌ಸ್ಟಿಟ್ಯೂಟಿಗೆ ಸೇರಿದಾಗ ಅವಳಿಗೆ ಇಂಗ್ಲಿಷಿನ ಒಂದು ಪ್ಯಾರಾದ ಅರ್ಥವೂ ಆಗುತ್ತಿರಲಿಲ್ಲ. ಆದರೂ ಪರೀಕ್ಷೆಯಲ್ಲಿ ಫಸ್ಟ್ ಬಂದದ್ದು ಅವಳೇ! ಅರ್ಥವಾಗದ ಕಾರಣಕ್ಕೇ ಅವಳ ಕೈ ಎಲ್ಲೂ ನಿಲ್ಲುತ್ತಿರಲಿಲ್ಲ. ನಾನೋ, ಟೈಪ್ ಮಾಡಲು ಕೊಟ್ಟ ಪ್ಯಾರಾದ ಗ್ರಾಮರ್ ತಿದ್ದುತ್ತಾ ಕೂತೆ. ಈಗ ಆ ಇನ್‌ಸ್ಟಿಟ್ಯೂಟ್ ಇದ್ದ ಕಡೆ ಮೊಬೈಲ್ ಅಂಗಡಿ ಇದೆ. ಅದರ ಮುಂದೆ ಹಾಯುವಾಗಲೆಲ್ಲ ಕಿಟಕಿಯೊಳಗಿಂದ ಹುರಿಗಾಳು ಸಿಡಿದ ಹಾಗೆ ಆ ಮಷೀನುಗಳ ಸದ್ದು ಕೇಳಿದಂತಾಗುತ್ತದೆ. ಜಡೆ ಹಾಕಿಕೊಂಡ ನಾವು, ಕೀಗಳ ಮೇಲೆ ಬಟ್ಟೆ ಮುಚ್ಚಿ “ಕೆಳಗೆ ನೋಡ್ಬೇಡಿ!” ಎನ್ನುತ್ತಿದ್ದ ಮೇಷ್ಟ್ರು. ಎಷ್ಟು ಚೆನ್ನಾಗಿದ್ದವು ಆ ದಿನಗಳು! ನಾಗರತ್ನ ಒಬ್ಬಳು ಇಲ್ಲದಿದ್ದರೆ ಇನ್ನೂ ಚೆನ್ನಾಗಿರುತ್ತಿದ್ದವು.

ಮೊದಲ ವಾರ ಕೀಬೋರ್ಡ್ ನನ್ನ ಪಾಲಿಗೆ ಬಂತು. ಡಬ್ಬಿ ಬಿಚ್ಚಿದರೆ, ಅಂಗೈ ಎರಡು ಜೋಡಿಸಿದಷ್ಟಗಲ. ತೂಕ ಮಾತ್ರ ಒಳ್ಳೆ ಕುಟ್ಟಾಣಿಯಷ್ಟು. ಬಣ್ಣ ಹಾಲುಕೋವಾ. ಅಂಕಿಗಳ ಸಾಲೇ ಇಲ್ಲ! ಬಾಣದ ಗುರುತಿನ ಕೀಗಳೂ ಇಲ್ಲ.

“ಶ್ವೇತಾ, ಅರ್ಧ ಕೀ ಹಾಕೋದು ಮರ್ತಿದೀಯಲ್ಲೇ!”

“ಅದು ಇರೋದೇ ಹಂಗೆ ಅಜ್ಜಿ, ಕಾಂಪ್ಯಾಕ್ಟು. ಈ ಮೂಲೆ ಕೀ ಒತ್ತಿ ಹಿಡ್ಕೊಂಡು ಮೇಲಿನ ಸಾಲು ಒತ್ತಿದ್ರೆ ನಂಬರ್ ಬರುತ್ತೆ.”

“ಒಂದೊಂದು ಕೀಗೂ ಎರಡೆರಡು ಡ್ಯೂಟಿ. ಹೆಂಗಸರ ಹಾಗೆ ಅನ್ನು.”

ಶ್ವೇತಾ ನಕ್ಕಳು. ನಾನು ಅದನ್ನು ಗಮನಿಸಿಕೊಂಡೆ. ನಾಗರತ್ನನ ಮಾತಿಗೆ ಅವಳು ಹೀಗೆ ನಗುತ್ತಾಳೆಯೆ? ಸಾಧ್ಯವೇ ಇಲ್ಲ!

ಮರುದಿನ ಮಧ್ಯಾಹ್ನ ಮನೆಯ ಕಂಪ್ಯೂಟರಿಗೆ ಸಿಕ್ಕಿಸಿ, ಕೂತು ಟೈಪ್ ಮಾಡಿದೆ. ಕಬ್ಬಿಣದ ಮಷೀನಿನಲ್ಲಿ ಪಳಗಿದ ಬೆರಳು, ಏಟು ಸ್ವಲ್ಪ ಜೋರಾಗಿಯೇ ಬಿತ್ತು. ಪಕ್ಕದಲ್ಲಿದ್ದ ಕಾಫಿ ಲೋಟ ಕುಣಿಯಿತು. ನಮ್ಮ ಯಜಮಾನರು ರೈಲ್ವೆಯಲ್ಲಿದ್ದು ರಿಟೈರ್ ಆದವರು. ಗೂಡ್ಸ್ ಗಾಡಿ ತಲೆಯ ಪಕ್ಕ ಹೋದರೂ ನಿದ್ದೆ ಕೆಡದವರು. ಅವರು ಎದ್ದು ಬಂದರು.

“ಏನೇ ವತ್ಸಲಾ, ಮನೇಲಿ ಜಲ್ಲಿ ಒಡೀತಿದೀಯಾ?”

“ವಿಮರ್ಶೆ ಮಾಡ್ತಿದೀನಿ ಕಣ್ರೀ.”

“ಪಾಪ, ಅದೇನು ತಪ್ಪು ಮಾಡಿತ್ತೋ” ಎಂದು ಒಳಗೆ ಹೋದರು.

ಅಷ್ಟರಲ್ಲಿ ನಾಗರತ್ನನ ಫೋನು.

“ವತ್ಸಲಾ, ಸೌಂಡ್ ಹೆಂಗಿದೆಯೇ? ರಿವ್ಯೂನಲ್ಲಿ ಸೌಂಡೇ ಮುಖ್ಯವಂತೆ ಕಣೇ. ಶ್ವೇತಾ ಹೇಳ್ತಿದ್ಲು.”

“ನಿಂಗ್ಯಾವಾಗ ಹೇಳಿದ್ಲು?”

“ದಿನಾ ಮಧ್ಯಾಹ್ನ ಊಟಕ್ಕೆ ನಮ್ಮನೆಗೇ ಬತ್ತಾಳಲ್ಲ! ಇವತ್ತು ಹುರುಳಿ ಬಸ್ಸಾರು ಮಾಡಿದ್ದೆ, ಎರಡು ಸಲ ಬಡಿಸ್ಕೊಂಡ್ಲು.”

ನನ್ನ ಸೂರಿನ ಕೆಳಗಿರುವ ಹುಡುಗಿಗೆ ಅವಳು ಬಸ್ಸಾರು ಹಾಕಿ ವಶೀಕರಣ ಮಾಡುತ್ತಿದ್ದಾಳೆ! ಮೈಯೆಲ್ಲ ಉರಿಯಿತು. ಸೌಂಡ್ ಬೇಕೆ ನಿನಗೆ? ನಾನು ಕೊಡುತ್ತೇನೆ, ನೋಡು!

ಹವ್ಯಾಸಿಗಳ ವಿಡಿಯೋಗಳನ್ನು ತೆಗೆದು ಕೂತೆ. ಕೀ ಒತ್ತಿದ ಸದ್ದನ್ನು ಅವರು ವೀಣೆಯ ನಾದದ ಹಾಗೆ ವರ್ಣಿಸುತ್ತಾರೆ. ಒಬ್ಬನಿಗೆ ಅದು ‘ಥಾಕ್’ ಎನ್ನಬೇಕು. ಇನ್ನೊಬ್ಬನಿಗೆ ‘ಕ್ರೀಮಿ’ ಆಗಿರಬೇಕು. ಅದಕ್ಕಾಗಿ ಪ್ರತಿ ಕೀ ಕೆಳಗಿನ ಸ್ವಿಚ್ಚಿಗೆ ಜಿಡ್ಡು ಸವರುತ್ತಾರಂತೆ. ಇಷ್ಟೇ ತಾನೆ! ನಮ್ಮ ಮೇಷ್ಟ್ರು ಟೈಪ್‌ರೈಟರಿಗೆ ಎಣ್ಣೆ ಬಿಡುವುದನ್ನು ನಾನು ನೋಡಿಲ್ಲವೆ? ಅರ್ಧ ವಿಡಿಯೋಗೇ ನಿಲ್ಲಿಸಿದೆ. ಇಂಗ್ಲಿಷ್ ಬಲ್ಲವಳಿಗೆ ಅಷ್ಟು ಸಾಕು.

ಹೊಲಿಗೆ ಮಷೀನಿನ ಎಣ್ಣೆ ಹುಡುಕಿದರೆ ಸೀಸೆ ಒಣಗಿತ್ತು. ಅಡುಗೆಮನೆಯಲ್ಲಿ ಶುದ್ಧ ಕೊಬ್ಬರಿ ಎಣ್ಣೆ ಇತ್ತು, ಗಾಣದಿಂದ ತಂದದ್ದು. ಡಬ್ಬಿಯಲ್ಲಿದ್ದ ತಂತಿಯ ಇಕ್ಕಳದಿಂದ ಕೀಗಳ ಟೋಪಿಯನ್ನೆಲ್ಲ ಹಲ್ಲು ಕಿತ್ತ ಹಾಗೆ ಕಿತ್ತೆ. ಕಣ್ಣಿನ ಔಷಧಿಯ ಖಾಲಿ ಬಾಟಲಿಗೆ ಎಣ್ಣೆ ತುಂಬಿ ಸ್ವಿಚ್ಚಿಗೊಂದು ತೊಟ್ಟು ಬಿಟ್ಟೆ. ನಾಗರತ್ನ ನೆನಪಾದಾಗ ಎರಡು ತೊಟ್ಟು. ಅವಳು ಮೇಲಿಂದ ಮೇಲೆ ನೆನಪಾಗುತ್ತಿದ್ದಳು.

ಆ ಮಧ್ಯಾಹ್ನ ಅದರ ಸದ್ದು ಕೇಳಬೇಕಿತ್ತು! ಬೆಣ್ಣೆಯ ಮೇಲೆ ಬೆಣ್ಣೆ ಬಿದ್ದಂತೆ. “ಡಿವೈನ್!” ಎಂದು ವಿಮರ್ಶೆಯ ಮೊದಲ ಸಾಲು ಬರೆದು, ನಾಗರತ್ನನ ಮುಖ ನೆನೆಸಿಕೊಂಡು ಮಲಗಿದೆ.

ಮಾಗಿಯ ಚಳಿ. ಬೆಳಿಗ್ಗೆ ಎದ್ದು ಎ ಒತ್ತಿದೆ. ಕೆಳಗೆ ಹೋದ ಎ ಮೇಲೆ ಬರಲಿಲ್ಲ. ಎಸ್ ಒತ್ತಿದೆ. ಅದೂ ಅಲ್ಲೇ ಉಳಿಯಿತು. ಪರದೆಯ ಮೇಲೆ ಮಾತ್ರ ಎ ಎ ಎ ಎ ಎಂದು ಸಾಲುಗಟ್ಟಿ ಓಡುತ್ತಿತ್ತು, ಯಾರೋ ನೋವಿನಿಂದ ಕೂಗಿಕೊಂಡ ಹಾಗೆ! ಅಡುಗೆಮನೆಗೆ ಓಡಿ ಎಣ್ಣೆ ಸೀಸೆ ನೋಡಿದೆ. ಬೆಳ್ಳಗೆ ಗಟ್ಟಿಯಾಗಿ ಕೂತಿತ್ತು. ಕೀಬೋರ್ಡಿನೊಳಗೂ ಅದೇ ಕಥೆ. ಕ್ರೀಮಿ ಎಂದರೆ ಇದಕ್ಕಿಂತ ಕ್ರೀಮಿ ಇನ್ನೆಲ್ಲಿ!

“ಎಣ್ಣೆ ಹೆಪ್ಪುಗಟ್ಟಿದ್ರೆ ಏನ್ಮಾಡ್ತೀಯ? ಬಿಸಿಲಿಗಿಡು” ಎಂದರು ಯಜಮಾನರು, ಪೇಪರಿನಿಂದ ತಲೆ ಎತ್ತದೆ.

ಟೋಪಿಗಳನ್ನು ಮತ್ತೆ ಕಿತ್ತು ಮೊರದ ತುಂಬ ಸಂಡಿಗೆಯ ಹಾಗೆ ಹರವಿ, ಕೀಬೋರ್ಡಿನ ಸಮೇತ ತಾರಸಿಯ ಮೇಲಿಟ್ಟೆ. ಎಣ್ಣೆ ಕರಗಿತು, ನಿಜ. ಕರಗಿ ಮೇಲೆಲ್ಲ ಜಿನುಗಿತು. ಆ ವಾಸನೆಗೆ ತರೀಕೆರೆಯ ಇರುವೆಗಳೆಲ್ಲ ಸಭೆ ಸೇರಿದವು. ಬಟ್ಟೆಯಲ್ಲಿ ಒರೆಸಿದೆ, ಊದಿದೆ, ತಟ್ಟಿದೆ. ಹೊರಬಂದವು ಕೆಲವು. ಒಳಗೇ ಸಂಸಾರ ಹೂಡಿದವು ಎಷ್ಟೋ!

ಇನ್ನು ಟೋಪಿಗಳನ್ನು ವಾಪಸ್ ಕೂರಿಸಬೇಕು. ಆಗ ಒಂದು ಭಯಂಕರ ಸತ್ಯ ತಿಳಿಯಿತು. ಜೀವಮಾನವೆಲ್ಲ ನಾನು ಕೀಗಳನ್ನು ನೋಡಿಯೇ ಇಲ್ಲ! ಯಾವ ಅಕ್ಷರ ಎಲ್ಲಿದೆ ಎಂಬುದು ಬೆರಳಿಗೆ ಗೊತ್ತೇ ಹೊರತು ಕಣ್ಣಿಗೆ ಗೊತ್ತಿಲ್ಲ. ಕೊನೆಗೆ ಕಣ್ಣು ಮುಚ್ಚಿ, ಬೋಳು ಸ್ವಿಚ್ಚುಗಳ ಮೇಲೆ ಬೆರಳಿಟ್ಟು ಆಪರೇಷನ್ ಶುರುಮಾಡಿದೆ. ಯಜಮಾನರು ಮೊರ ಹಿಡಿದು ನಿಂತರು.

“ಕ್ಯೂ” ಎಂದೆ. ಕೊಟ್ಟರು. “ಡಬ್ಲ್ಯೂ.”

“ಇದು ಡಬ್ಲ್ಯೂನಾ, ಎಮ್ಮಾ?”

“ಯಾವ ಕಡೆಯಿಂದ ನೋಡ್ತಿದೀರಿ?”

“ಎರಡೂ ಕಡೆಯಿಂದ.”

“ಕನ್ನಡಕ ಎಲ್ಲಿ ನಿಮ್ದು?”

“ಅದನ್ನ ಹುಡುಕೋಕೆ ಕನ್ನಡಕ ಬೇಕಲ್ಲೇ!”

ಹೇಗೋ ಮುಗಿಯಿತು. ಟೈಪ್ ಮಾಡಿದರೆ ಕೀಗಳು ಏಳುತ್ತಿದ್ದವು, ನನ್ನ ಹಾಗೇ, ಸ್ವಲ್ಪ ಯೋಚನೆ ಮಾಡಿ. ಮಧ್ಯಾಹ್ನಗಳಲ್ಲಿ ಮಾತ್ರ ಕೂತು ವಿಮರ್ಶೆ ಬರೆದು ಮುಗಿಸಿದೆ. ಎಣ್ಣೆಯ ವಿಷಯ ಅದರಲ್ಲಿ ಎಲ್ಲೂ ಬರಲಿಲ್ಲ. ವಾರ ಕಳೆಯಿತು. ಡಬ್ಬಿ ಒರೆಸಿ ಕಟ್ಟಿ ಕೊಟ್ಟೆ. ಶ್ವೇತಾ ಅದನ್ನು ಬಿಚ್ಚದೆ ಅಜ್ಜಂಪುರಕ್ಕೆ ಒಯ್ದಳು.

ಆ ಮುಂದಿನ ವಾರ ನಾನು ಫೋನಿನ ಪಕ್ಕದಲ್ಲೇ ಕೂತೆ. ನಾಗರತ್ನ ಮುಚ್ಚಳ ತೆಗೆದ ಕ್ಷಣವೇ ವಾಸನೆ ಬಡಿಯುತ್ತದೆ. ಫೋನ್ ಮಾಡಿ ಆಡಿಕೊಳ್ಳುತ್ತಾಳೆ, ಊರಿಗೆಲ್ಲ ಸಾರುತ್ತಾಳೆ. ಫೋನ್ ಬರಲೇ ಇಲ್ಲ! ಆಡಿಕೊಳ್ಳದೆ ಸುಮ್ಮನಿರುವವರಿಗಿಂತ ದೊಡ್ಡ ಶತ್ರುಗಳಿಲ್ಲ.

ಭಾನುವಾರ ಕಡೂರಿಗೆ ಯಜಮಾನರೊಡನೆ ಹೋದೆ. ಟ್ಯೂಷನ್ ಸೆಂಟರಿನ ಬೆಂಚುಗಳ ಮೇಲೆ ಹವ್ಯಾಸಿಗಳು ತಮ್ಮ ತಮ್ಮ ಕೀಬೋರ್ಡ್‌ಗಳನ್ನು ಮಕ್ಕಳ ಹಾಗೆ ಮಡಿಲಲ್ಲಿಟ್ಟುಕೊಂಡು ಕೂತಿದ್ದರು. ನಾಗರತ್ನ ನೀಲಿ ಸೀರೆಯುಟ್ಟು, ಕಪ್ಪು ಕೂದಲಿನಲ್ಲಿ ಮಿಂಚುತ್ತಾ ಬಂದು ನನ್ನ ಪಕ್ಕದಲ್ಲೇ ಕುಳಿತಳು. “ಆರಾಮಿದೀಯೇನೇ?” ಎಂದಳು. ಅಷ್ಟೆ.

ಶ್ವೇತಾ ಎಲ್ಲರ ಮುಂದೆ ಡಬ್ಬಿ ಬಿಚ್ಚಿದಳು. ಅವಳ ಬೆರಳು ಕೀಗಳಿಗೆ ತಾಗಿ ನಿಂತಿತು.

“ಇದೇನಿದು ಜಿಡ್ಡು?”

ಬೀರೂರಿನ ಹುಡುಗಿಯೊಬ್ಬಳು ಬಗ್ಗಿ ಮೂಸಿದಳು. “ಕೊಬ್ಬರಿ ಎಣ್ಣೆ ಕಣೇ! ಡಬ್ಲ್ಯೂ ಇರೋ ಜಾಗದಲ್ಲಿ ಎಮ್ ಬೇರೆ ಇದೆ!”

ಅದೇ ಸಮಯಕ್ಕೆ ಪಿ ಮತ್ತು ಓ ನಡುವಿನಿಂದ ಒಂದು ಇರುವೆ ಹೊರಬಂದು, ಸಭೆಯನ್ನೊಮ್ಮೆ ನೋಡಿ, ವಾಪಸ್ ಒಳಗೆ ಹೋಯಿತು.

ಶ್ವೇತಾಳ ಮುಖ ಬಾಡಿತು. ರಾತ್ರಿಗಳೆಲ್ಲ ಕೂತು ಒಂದೊಂದು ಸ್ವಿಚ್ಚನ್ನೂ ಬೆಸೆದವಳು ಅವಳು. ಮೇಲಿನಿಂದ ಬರುವ ಆ ಬೆಸುಗೆಯ ಹೊಗೆಯ ವಾಸನೆ ನನಗೆ ಗೊತ್ತಿತ್ತು. ಭೂಮಿ ಬಾಯಿಬಿಡಬಾರದೆ ಎನಿಸಿತು.

ಆಗ ನಾಗರತ್ನ ಎದ್ದು ನಿಂತಳು.

“ನಾನೇ ಕಣಮ್ಮ. ತಲೆಗೆ ಎಣ್ಣೆ ಹಚ್ಕೊಂಡಿದ್ದ ಕೈಲಿ ಮುಟ್ಬಿಟ್ಟೆ. ಒರೆಸೋಣ ಅಂತ ಕೀ ಕಿತ್ತು ಎಡವಟ್ಟು ಮಾಡ್ದೆ. ತಪ್ಪಾಯ್ತು.”

ನಾನು ಬೆಪ್ಪಾದೆ. ಶ್ವೇತಾ ಅವಳ ಕೈ ಹಿಡಿದುಕೊಂಡಳು. “ಅಯ್ಯೋ, ಇರ್ಲಿ ಬಿಡಿ ಆಂಟಿ. ತೊಳೆದ್ರೆ ಹೋಗುತ್ತೆ. ನೀವು ಬೇಜಾರ್ ಮಾಡ್ಕೋಬೇಡಿ.”

ಆ ದನಿಯಲ್ಲಿ ಎಷ್ಟು ಪ್ರೀತಿ! ನಾನು ಬಚಾವಾಗಿದ್ದೆ. ಸುಮ್ಮನೆ ಕೂತು, ಡಿವೈನ್ ವಿಮರ್ಶೆ ಓದಿ, ಕೀಬೋರ್ಡ್ ಕಂಕುಳಲ್ಲಿಟ್ಟುಕೊಂಡು ಬರಬಹುದಿತ್ತು. ಆದರೆ ಹೊಟ್ಟೆಕಿಚ್ಚು ಕೂರಲು ಬಿಡಬೇಕಲ್ಲ! ಟೈಪಿಂಗಿನಲ್ಲಿ ಫಸ್ಟ್ ಬಂದಳು, ಸಹಿಸಿಕೊಂಡೆ. ಬಸ್ಸಾರಿನಲ್ಲಿ ಗೆದ್ದಳು, ಸಹಿಸಿಕೊಂಡೆ. ಈಗ ಒಳ್ಳೆಯತನದಲ್ಲೂ ಅವಳೇ ಮುಂದೆ ಹೋಗುವುದೆ? ನೆವರ್!

“ಸುಳ್ಳು!” ಎಂದು ಎದ್ದು ನಿಂತೆ. “ಎಣ್ಣೆ ಹಾಕಿದ್ದು ನಾನು! ಡ್ರಾಪರ್‌ನಲ್ಲಿ ಹಾಕಿದ್ದು. ಬಿಸಿಲಿಗೆ ಇಟ್ಟಿದ್ದು ನಾನು. ಎಮ್ ಕೊಟ್ಟಿದ್ದು ಇವರು.”

ಯಜಮಾನರು ಬೆಂಚಿನ ಕೆಳಗೆ ಬಿದ್ದುಹೋದ ಏನನ್ನೋ ಹುಡುಕತೊಡಗಿದರು.

ಎಲ್ಲರೂ ನನ್ನನ್ನು ನೋಡಿದರು. ಆಹಾ, ಎಂಥ ಪ್ರಾಮಾಣಿಕ ಹೆಂಗಸು ಎಂದು ಅವರಿಗೆ ಅನಿಸುತ್ತಿರಬೇಕು ಎಂದುಕೊಂಡೆ. ಮರುಕ್ಷಣ ಅಷ್ಟೂ ಕಣ್ಣುಗಳು ನಾಗರತ್ನನ ಕಡೆ ತಿರುಗಿದವು.

“ಅಂದ್ರೆ ಆಂಟಿ, ಅಜ್ಜಿಗೆ ಅವಮಾನ ಆಗ್ಬಾರ್ದು ಅಂತ ನೀವು ತಪ್ಪನ್ನ ನಿಮ್ಮ ಮೇಲೆ ಹಾಕ್ಕೊಂಡ್ರಾ?” ಶ್ವೇತಾಳ ಕಣ್ಣುಗಳು ತೇವವಾಗಿದ್ದವು.

“ಹಳೇ ಸ್ನೇಹಿತೆ ಅಲ್ವೇನಮ್ಮ” ಎಂದಳು ನಾಗರತ್ನ, ನೆಲ ನೋಡುತ್ತಾ.

ಚಪ್ಪಾಳೆಯೋ ಚಪ್ಪಾಳೆ! ಒಬ್ಬ ಹುಡುಗ ಎದ್ದು ನಿಂತೇ ತಟ್ಟಿದ. ವಿಮರ್ಶೆ ಓದುವ ಮಾತೇ ಯಾರಿಗೂ ನೆನಪಾಗಲಿಲ್ಲ. ಕೀಬೋರ್ಡನ್ನು ತೊಳೆದು ಒಣಗಿಸಿ ನಾಗರತ್ನ ಆಂಟಿಗೇ ಕೊಡುವುದೆಂದು ಅಲ್ಲೇ ನಿರ್ಧಾರವಾಯಿತು. ನಾನೂ ಚಪ್ಪಾಳೆ ತಟ್ಟಿದೆ. ತಟ್ಟದಿದ್ದರೆ ಚೆನ್ನಾಗಿರುತ್ತದೆಯೆ?

ತರೀಕೆರೆಯ ಬಸ್ಸು ಕಡೂರು ದಾಟಿತು. ಯಜಮಾನರು ಕೇಳಿದರು:

“ಬಾಯಿ ಮುಚ್ಕೊಂಡು ಕೂತಿದ್ರೆ ಆಗ್ತಿತ್ತಲ್ಲೇ?”

“ಹೆಂಗ್ರೀ ಕೂರೋದು? ಅವಳು ಎಲ್ಲರ ಕಣ್ಣಲ್ಲಿ ದೇವತೆ ಆಗ್ಬಿಡ್ತಿದ್ಲು!”

“ಈಗೇನಾದ್ಲು?” ಎಂದರು.

ನಾನು ಕಂಡಕ್ಟರನ್ನು ಕರೆದು, ಆಗಲೇ ತೆಗೆದುಕೊಂಡಿದ್ದ ಟಿಕೆಟ್ಟನ್ನು ಮತ್ತೊಮ್ಮೆ ಕೇಳಿದೆ.